ಮೋಟಾರಿನ ಪಾದರಕ್ಷೆ

ಮುಳಬಾಗಿಲೆಂದರೆ ಮೂಡಲ ಬಾಗಿಲು. ಮೈಸೂರು ಸೀಮೆಯಿಂದ ಪೂರ್ವಕ್ಕೆ ಇಳಿಯತಕ್ಕವರು ಬಹುಕಾಲದಿಂದಲೂ ಈ ಬಾಗಿಲನ್ನು ದಾಟಿಯೇ ಹೋಗುತ್ತಿದ್ದರು. ೧೭೬೮ರಲ್ಲಿ ಹೈದರಾಲಿಯ ದಂಡಿಗೂ ಇಂಗ್ಲಿಷರ ದಂಡಿಗೂ ಕಾಳಗವಾದುದು ಇಲ್ಲಿಯ ಬಂಡೆಗಳ ನಡುವೆಯೇ. ಈಗ ಈ ಬಾಗಿಲನ್ನು ಹಗಲಿರುಳೂ ಹಾದುಹೋಗುವುದು ಮೋಟಾರುಗಳ ದಂಡು. ಬೆಂಗಳೂರು, ಕೋಲಾರಗಳ ಕಡೆಯಿಂದ ಬಂದ ರಾಷ್ಟ್ರೀಯ ಹೆದ್ದಾರಿಯು ನಂಗಲಿಯತ್ತ ಸಾಗಿ, ಆಂಧ್ರದ ಗಡಿಯನ್ನು ದಾಟಿ, ಪಲಮನೇರಿನ ಮಾರ್ಗವಾಗಿ ಹೋಗುವುದಷ್ಟೆ. ತಿರುಪತಿಗೆ ಹೊರಟ ಎಷ್ಟೋ ಸಂಸಾರಗಳು ನಮ್ಮೂರ ಆಂಜನೇಯಸ್ವಾಮಿಗೆ ಕೈಮುಗಿದು, ಬಿಸಿಬಿಸಿಯಾಗಿ ಒಂದೊಂದು ದೋಸೆಯನ್ನು ತಿಂದು, ಇದೇ ದಾರಿಯನ್ನು ಹಿಡಿಯುವರು. ಅಂಥ ಒಂದು ಸಂಸಾರದಲ್ಲಿ ನಾವೂ ಇದ್ದು, ಆ ದಾರಿಯಲ್ಲಿ ಕಲಿತ ಒಂದು ಪಾಠವನ್ನು ವಾಚಕರಲ್ಲಿ ಅರಿಕೆ ಮಾಡಿಕೊಳ್ಳುವುದೇ ಈ ಲೇಖನದ ಉದ್ದೇಶ.

ಕಳೆದ ಕಾರ್ತಿಕ ಮಾಸದಲ್ಲಿ ನಮ್ಮ ಅಕ್ಕನ ಮಗನು ತಾನು ಕೊಂಡ ಮೋಟಾರನ್ನು ತಂದು ಮನೆಯ ಮುಂದೆ ನಿಲ್ಲಿಸಿದನು. ಕೊಂಡದ್ದು ಹೊಸದಾಗಿಯೇ ಹೊರತು ಮೋಟಾರು ಹೊಸದಲ್ಲ. ಬೆಂಗಳೂರಿನ ಗೃಹಸ್ಥರೊಬ್ಬರು ಅದನ್ನು ಹೆಚ್ಚು ಓಡಿಸದೆ, ಷೆಡ್ಡಿನಲ್ಲಿಯೇ ಜೋಪಾನ ಮಾಡಿಟ್ಟಿದ್ದರು. ವೇಗಕ್ಕೆಂದೇ ಕಟ್ಟಿದ ಸೆಡಾನ್ ಅದು. ಮೈಮೇಲೆ ಒಂದು ಗೀರೂ ಇಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಅದರ ಎಂಜಿನಿನ ಬಲವು ನಾಲ್ಕು ಚಕ್ರಗಳಿಗೂ ಹರಿಯುವುದು.

“ಮಾವ, ಇದು ನಾಲ್ಕು ಕಾಲಿನಲ್ಲಿಯೂ ನೆಲ ಕಚ್ಚಿ ಹಿಡಿಯುವ ಗಾಡಿ. ಮಳೆಯೇ ಬರಲಿ, ಕೆಸರೇ ಇರಲಿ, ಜಾರುವ ಮಾತೇ ಇಲ್ಲ” ಎಂದು ಹುಡುಗನು ಬೀಗಿದನು.

ಮಾರನೆಯ ಬೆಳಗ್ಗೆಯೇ ತಿರುಪತಿಗೆ ಹೊರಟೆವು. ನಮ್ಮ ಅಕ್ಕ, ಅವರ ಸೊಸೆ, ಮೂರು ವರ್ಷದ ಮೊಮ್ಮಗು, ನಾವು. ರಾತ್ರಿಯೆಲ್ಲ ಮಳೆ ಹೊಯ್ದು, ಆಗಿನ್ನೂ ತುಂತುರು ಬೀಳುತ್ತಿತ್ತು. ಮೋಟಾರು ನಿಜವಾಗಿಯೂ ಬಾಣದಂತೆ ಹೋಯಿತು. ಒದ್ದೆಯ ರಸ್ತೆಯೆಂಬ ಅರಿವೇ ಆಗಲಿಲ್ಲ. ನಂಗಲಿ ಇನ್ನೂ ತುಸು ದೂರವಿರುವಾಗ ಟೊಮೇಟೊ ಪೆಟ್ಟಿಗೆಗಳನ್ನು ಹೇರಿಕೊಂಡ ಟ್ರಾಕ್ಟರೊಂದು ಪಕ್ಕದ ದಾರಿಯಿಂದ ಹೆದ್ದಾರಿಗೆ ಏರಿತು. ಹುಡುಗನು ಬ್ರೇಕನ್ನು ಒತ್ತಿದನು. ಕಾಲ ಕೆಳಗೆ ಬ್ರೇಕು ಗಡಗಡನೆ ನಡುಗಿತೇ ವಿನಾ ಮೋಟಾರು ನಿಲ್ಲಲೊಲ್ಲದು. ಎಣ್ಣೆ ಚೆಲ್ಲಿದ ನೆಲದ ಮೇಲೆ ತಟ್ಟೆ ಸರಿದಂತೆ ಸರಿಸರಿದು ಹೋಗಿ, ಆ ಪೆಟ್ಟಿಗೆಗಳಿಗೆ ಒಂದು ಮೊಳದ ಅಂತರದಲ್ಲಿ ನಿಂತಿತು. ಮಗು ಎಚ್ಚೆತ್ತು ಅಳತೊಡಗಿತು. ಅದರ ತಾಯಿಗೆ ಮಾತೇ ಹೊರಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನಮ್ಮ ಅಕ್ಕ, “ನಿನ್ನ ಗಾಡಿ ಓಡುವುದನ್ನು ಕಂಡೆ ಕಣೋ, ನಿಲ್ಲುವುದನ್ನು ಕಾಣಲಿಲ್ಲ” ಎಂದರು.

ಅಂದು ತಿರುಪತಿಗೆ ಹೋಗಲಿಲ್ಲ. ಮೆಲ್ಲಗೆ ಊರಿಗೆ ಹಿಂದಿರುಗಿ, ಪಂಕ್ಚರ್ ಅಂಗಡಿಯೊಂದರ ಮುಂದೆ ನಿಲ್ಲಿಸಿದೆವು. ಅಂಗಡಿಯ ಹಿರಿಯರು ಟೈರಿನ ಮೈಯನ್ನು ಒದ್ದೆಯ ಬಟ್ಟೆಯಿಂದ ಒರೆಸಿ, ಒಂದು ಮೂಲೆಯಲ್ಲಿ ಅಚ್ಚಾಗಿದ್ದ ನಾಲ್ಕು ಅಂಕಿಗಳನ್ನು ತೋರಿಸಿದರು: ೪೧೧೭. ಬಳಿಕ ಹೆಬ್ಬೆರಳಿನ ಉಗುರಿನಿಂದ ರಬ್ಬರನ್ನು ಒತ್ತಿ, “ಗ್ರಿಪ್ ಇದೆ ಸ್ವಾಮಿ, ರಬ್ಬರು ಇಲ್ಲ. ಒಣಗಿ ಕೊಬ್ಬರಿಯಾಗಿದೆ” ಎಂದರು. ಟೈರು ತಯಾರಾಗಿ ಏಳು ವರ್ಷ ದಾಟಿತ್ತು. ಸಾಲದುದಕ್ಕೆ ಮೂರು ಟೈರುಗಳು ಒಂದು ಜಾತಿಯವು. ನಾಲ್ಕನೆಯದು ಬೇರೆ ಜಾತಿಯದು, ಉಳಿದವುಗಳಿಗಿಂತ ಹೊಸದು.

ಆ ಸಂಜೆ ಹುಡುಗನು ನಮ್ಮ ಮುಂದೆ ಎರಡು ಪ್ರಶ್ನೆಗಳನ್ನಿಟ್ಟನು. ಅವನ ತಮ್ಮನು ಕೆನಡದ ಮಾಂಟ್ರಿಯಲ್‌ ನಗರದಲ್ಲಿರುವನು. ಅವನಲ್ಲಿಯೂ ಇಂಥದೇ ಮೋಟಾರಿದೆ. “ಚಳಿಗಾಲದ ಟೈರು ಹಾಕಿಸಿಕೋ ಅಣ್ಣ, ಅದಿಲ್ಲದೆ ನಾಲ್ಕು ಚಕ್ರಕ್ಕೆ ಬಲವಿದ್ದರೂ ವ್ಯರ್ಥ” ಎಂದು ಅವನು ಹೇಳಿದನಂತೆ. ಹುಡುಗನಿಗೋ ಹತ್ತೊಂಬತ್ತು ಅಂಗುಲದ ಹೊಳೆಯುವ ರಿಮ್ಮುಗಳ ಮೇಲೆ ಆಸೆ. ಯಾವ ಟೈರು? ಯಾವ ರಿಮ್ಮು? ಈ ವಿಷಯವನ್ನು ನಾವು ತಿಳಿದವರಲ್ಲಿ ಕೇಳಿ, ಓದಿ, ಲೆಕ್ಕ ಹಾಕಿ ನೋಡಿದೆವು. ಫಲಿತಾಂಶವು ನಾಲ್ಕು ಚಕ್ರಗಳ ಬಲವಿಲ್ಲದ ಸಾಮಾನ್ಯ ಮೋಟಾರುಗಳನ್ನಿಟ್ಟುಕೊಂಡವರಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ಹೊರಡುವ ಬಲ, ನಿಲ್ಲುವ ಬಲ

ನಾಲ್ಕು ಚಕ್ರಗಳಿಗೂ ಬಲ ಕೊಡುವ ಯುಕ್ತಿ ನಿನ್ನೆ ಮೊನ್ನೆಯದಲ್ಲ. ಹಾಲೆಂಡಿನ ಸ್ಪೈಕರ್ ಎಂಬವರು ೧೯೦೩ರಲ್ಲಿಯೇ ಅಂಥ ಪಂದ್ಯದ ಮೋಟಾರನ್ನು ಕಟ್ಟಿದ್ದರು. ಎರಡನೆಯ ಮಹಾಯುದ್ಧದಲ್ಲಿ ಜೀಪು ಲೋಕಪ್ರಸಿದ್ಧವಾಯಿತು. ೧೯೪೭ರಲ್ಲಿ ನಮ್ಮ ದೇಶದಲ್ಲಿಯೂ ಅದನ್ನು ಜೋಡಿಸತೊಡಗಿದರು. ಸಾಧಾರಣ ರಸ್ತೆಯಲ್ಲಿ ವೇಗವಾಗಿ ಓಡುವ ಮೋಟಾರುಗಳಿಗೆ ಈ ಯುಕ್ತಿಯನ್ನು ಅಳವಡಿಸಿ ಹೆಸರು ಮಾಡಿದವರು ಜರ್ಮನಿಯ ಆಡಿ ಕಾರ್ಖಾನೆಯವರು. ಅವರ ‘ಕ್ವಾಟ್ರೊ’ ೧೯೮೦ರಲ್ಲಿ ಜಿನೀವಾದ ಪ್ರದರ್ಶನದಲ್ಲಿ ಹೊರಬಂದಿತು. ಜಪಾನಿನ ಸುಬಾರು ಕಂಪೆನಿಯವರು ೧೯೭೨ರಿಂದಲೇ ಸಂಸಾರಸ್ಥರ ಗಾಡಿಗಳಲ್ಲಿ ಇದನ್ನು ಬಳಸುತ್ತ ಬಂದಿದ್ದರು.

ಈ ಏರ್ಪಾಟಿನ ಗುಣವೇನು? ಎರಡೇ ಚಕ್ರಗಳು ತಿರುಗಿಸಲ್ಪಟ್ಟಾಗ ಕೆಸರಿನಲ್ಲಿಯೋ ಹಿಮದಲ್ಲಿಯೋ ಅವು ನಿಂತಲ್ಲೇ ಸುತ್ತುವುವು. ನಾಲ್ಕಕ್ಕೂ ಬಲ ಹಂಚಿದರೆ ಮೋಟಾರು ಸುಲಭವಾಗಿ ಮುಂದಕ್ಕೆ ಸಾಗುವುದು. ಆದರೆ ಬ್ರೇಕು ಎಂಬುದು ಎಲ್ಲ ಮೋಟಾರುಗಳಲ್ಲಿಯೂ ನಾಲ್ಕು ಚಕ್ರಗಳಿಗೇ ಇರುವುದು. ನಿಲ್ಲಿಸುವ ಕಾಲಕ್ಕೆ ಎಂಜಿನಿನ ಬಲ ಎಷ್ಟು ಚಕ್ರಗಳಿಗೆ ಹರಿಯಿತೆಂಬ ಪ್ರಶ್ನೆಯೇ ಏಳುವುದಿಲ್ಲ. ಆಗ ನೆಲವನ್ನು ಹಿಡಿಯುವುದು ರಬ್ಬರೊಂದೇ. ೧,೬೦೦ ಕಿಲೋ ತೂಕದ ಮೋಟಾರಿನ ಒಂದೊಂದು ಚಕ್ರವೂ ನೆಲವನ್ನು ಮುಟ್ಟುವ ಜಾಗವು ಸುಮಾರು ೧೭೦ ಚದರ ಸೆಂಟಿಮೀಟರು. ದೊಡ್ಡವರು ಬೆರಳುಗಳನ್ನು ಸೇರಿಸಿ ಚಾಚಿದ ಹಸ್ತದಷ್ಟು. ಅಕ್ಕ, ಸೊಸೆ, ಮಗು, ನಾವು, ಎಲ್ಲರ ಪ್ರಾಣವೂ ಆ ನಾಲ್ಕು ಹಸ್ತಗಳ ಮೇಲೆ ನಿಂತಿತ್ತೆಂಬುದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುವುದು.

ಗಂಟೆಗೆ ೮೦ ಕಿ.ಮೀ. ವೇಗದಲ್ಲಿ ಮೋಟಾರು ಒಂದು ಸೆಕೆಂಡಿಗೆ ೨೨ ಮೀಟರು ಸಾಗುವುದು. ಅಪಾಯವನ್ನು ಕಂಡು ಕಾಲು ಬ್ರೇಕಿಗೆ ಹೋಗುವುದರೊಳಗಾಗಿ ಆ ೨೨ ಮೀಟರು ಕಳೆದೇ ಹೋಗುವುದು. ಅನಂತರ ಒಣ ರಸ್ತೆಯಲ್ಲಿ ಒಳ್ಳೆಯ ಟೈರಾದರೆ ಸುಮಾರು ೩೧ ಮೀಟರಿನೊಳಗೆ ನಿಲ್ಲಬಹುದು. ಹಿಡಿತವು ಅರ್ಧಕ್ಕಿಳಿದರೆ ೬೩ ಮೀಟರು ಬೇಕು. ಕಾಲುಭಾಗಕ್ಕಿಳಿದರೆ ಅದರ ಎರಡರಷ್ಟು. ವೇಗವು ಇಮ್ಮಡಿಯಾದರೆ ನಿಲ್ಲುವ ದೂರವು ನಾಲ್ಕು ಮಡಿಯಾಗುವುದೆಂಬುದನ್ನೂ ಮರೆಯಬಾರದು. ನಾಲ್ಕು ಚಕ್ರಗಳ ಬಲದಲ್ಲಿರುವ ಮೋಸ ಇದೇ: ಒದ್ದೆಯಲ್ಲಿಯೂ ಮೋಟಾರು ಜಾರದೆ ವೇಗವೇರುವುದರಿಂದ ರಸ್ತೆ ಜಾರುತ್ತಿದೆಯೆಂಬ ಎಚ್ಚರಿಕೆಯು ನಡೆಸುವವನಿಗೆ ಮೊದಲೇ ಸಿಗುವುದಿಲ್ಲ. ಸಿಗುವುದು ಬ್ರೇಕು ಒತ್ತಿದಾಗಲೇ.

ಹಿಮದ ನಾಡಿನ ಟೈರು

ಹಾಗಾದರೆ ಮಾಂಟ್ರಿಯಲ್‌ನ ತಮ್ಮನ ಮಾತು ಸರಿಯಲ್ಲವೇ? ಅವನ ಊರಿಗೆ ಅದು ನೂರಕ್ಕೆ ನೂರು ಸರಿ. ರಬ್ಬರು ಚಳಿಗೆ ಗಟ್ಟಿಯಾಗುವ ವಸ್ತು. ಸಾಮಾನ್ಯ ಟೈರು ಸುಮಾರು ೭ ಡಿಗ್ರಿ ಸೆಲ್ಷಿಯಸ್‌ಗಿಂತ ಕೆಳಗಿನ ಚಳಿಯಲ್ಲಿ ಬಿರುಸಾಗಿ ಹಿಡಿತವನ್ನು ಬಿಟ್ಟುಕೊಡತೊಡಗುವುದು. ಚಳಿಗಾಲದ ಟೈರಿನ ರಬ್ಬರನ್ನು ಆ ಚಳಿಯಲ್ಲಿಯೂ ಮೆತ್ತಗಿರುವಂತೆ ಬೆರೆಸಿರುವರು. ಅದರ ಮೈಮೇಲೆ ಕೂದಲೆಳೆಯಂಥ ನೂರಾರು ಸೀಳುಗಳಿರುವುವು. ಅವು ಬಾಯ್ದೆರೆದು ಹಿಮವನ್ನು ಕಚ್ಚಿ ಹಿಡಿಯುವುವು. ಫಿನ್ಲೆಂಡಿನ ರಬ್ಬರು ಕಾರ್ಖಾನೆಯವರು ೧೯೩೪ರಲ್ಲಿ ಲಾರಿಗಳಿಗೂ, ೧೯೩೬ರಲ್ಲಿ ಕಾರುಗಳಿಗೂ ಹಿಮದ ಟೈರನ್ನು ಮೊದಲು ತಯಾರಿಸಿದರು. ಇಂದು ನೋಕಿಯನ್ ಎಂಬ ಹೆಸರಿನಿಂದಿರುವವರು ಅವರೇ. ಮೂರು ಶಿಖರಗಳ ಬೆಟ್ಟದೊಳಗೆ ಹಿಮದ ಹೂವಿನ ಗುರುತು ಯಾವ ಟೈರಿನ ಮೇಲಿದೆಯೋ ಅದು ಹಿಮದ ಪರೀಕ್ಷೆಯಲ್ಲಿ ಗೆದ್ದುದೆಂದು ತಿಳಿಯಬೇಕು.

ಮಾಂಟ್ರಿಯಲ್ ಇರುವ ಕ್ವಿಬೆಕ್ ಪ್ರಾಂತದಲ್ಲಿ ೨೦೦೮ರಿಂದಲೂ ಚಳಿಗಾಲದ ಟೈರು ಕಡ್ಡಾಯ. ಈಗಿನ ಕಾನೂನಿನಂತೆ ಡಿಸೆಂಬರ್ ೧ರಿಂದ ಮಾರ್ಚ್ ೧೫ರವರೆಗೆ ಅಲ್ಲಿಯ ಮೋಟಾರುಗಳಲ್ಲಿ ಇವು ಇರಲೇಬೇಕು. ನಾಲ್ಕು ಚಕ್ರಗಳ ಬಲವಿದೆಯೆಂದು ಯಾರಿಗೂ ವಿನಾಯಿತಿಯಿಲ್ಲ. ಅಲ್ಲಿಯವರು ಜಾಣತನದಿಂದ ಇನ್ನೊಂದು ಕೆಲಸ ಮಾಡುವರು. ಚಳಿಗಾಲದ ಟೈರುಗಳನ್ನು ಬೇರೆ ನಾಲ್ಕು ರಿಮ್ಮುಗಳ ಮೇಲೆಯೇ ಕೂರಿಸಿ ಮನೆಯಲ್ಲಿಟ್ಟಿದ್ದು, ಕಾಲ ಬಂದಾಗ ಚಕ್ರ ಸಮೇತ ಬದಲಾಯಿಸಿಕೊಳ್ಳುವರು. ಈ ಎರಡನೆಯ ಜೊತೆಗೆ ಬೇಸಗೆಯದಕ್ಕಿಂತ ಒಂದೆರಡು ಅಂಗುಲ ಚಿಕ್ಕದಾದ ರಿಮ್ಮನ್ನು ಆರಿಸುವುದು ವಾಡಿಕೆ. ಟೈರಿನ ಬೆಲೆ ಇಳಿಯುವುದು, ಪಕ್ಕದ ರಬ್ಬರು ದಪ್ಪವಾಗುವುದು, ಹಿಮ ಕರಗಿಸಲು ರಸ್ತೆಗೆ ಎರಚುವ ಉಪ್ಪಿನಿಂದ ಚೆಂದದ ರಿಮ್ಮುಗಳು ಕೆಡುವುದೂ ತಪ್ಪುವುದು.

ಆದರೆ ಮುಳಬಾಗಿಲಿಗೆ ಅದೇ ಟೈರು ಬೇಕೇ? ಬೆಂಗಳೂರಿನಲ್ಲಿ ಬರೆದಿಟ್ಟ ಲೆಕ್ಕದ ಪ್ರಕಾರ ಅಲ್ಲಿ ಅತ್ಯಂತ ಕಡಿಮೆ ಉಷ್ಣತೆ ದಾಖಲಾದುದು ೧೮೮೪ರ ಜನವರಿಯಲ್ಲಿ, ಅದೂ ೭.೮ ಡಿಗ್ರಿ. ಮುಳಬಾಗಿಲೋ ಬೆಂಗಳೂರಿಗಿಂತ ತುಸು ತಗ್ಗಿನಲ್ಲಿದೆ. ನಮ್ಮಲ್ಲಿ ಮಾಗಿಯ ಬೆಳಗುಗಳಲ್ಲಿ ಮಂಜು ಕವಿದು, ಮುದುಕರು ತಲೆಗೆ ಮಫ್ಲರು ಸುತ್ತಿಕೊಳ್ಳುವುದು ನಿಜವಾದರೂ ಟೈರಿಗೆ ಅದು ಚಳಿಯೇ ಅಲ್ಲ. ಹಿಮದ ಟೈರನ್ನು ಈ ಬಿಸಿಲಿನಲ್ಲಿ ಓಡಿಸಿದರೆ ಅದರ ಮೆತ್ತನೆಯ ರಬ್ಬರು ಬೇಗ ಸವೆಯುವುದಲ್ಲದೆ, ಬ್ರೇಕು ಹಾಕಿದಾಗ ಸಾಮಾನ್ಯ ಟೈರಿಗಿಂತ ಹೆಚ್ಚು ದೂರ ಹೋಗಿ ನಿಲ್ಲುವುದು. ಕಂಬಳಿಯನ್ನು ಹೊದೆದು ಚೈತ್ರದ ಬಿಸಿಲಿನಲ್ಲಿ ನಡೆದಂತೆ ಅದು. ಆದುದರಿಂದ ತಮ್ಮನ ಸಲಹೆಯ ತಿರುಳನ್ನು ಇಟ್ಟುಕೊಂಡು ಸಿಪ್ಪೆಯನ್ನು ಬಿಡಬೇಕು. ತಿರುಳೆಂದರೆ, ತನ್ನ ಊರಿನ ಕೆಟ್ಟ ಕಾಲಕ್ಕೆ ತಕ್ಕ ಟೈರನ್ನು ಆರಿಸುವುದು.

ನಮ್ಮ ನಾಡಿನ ಕೆಟ್ಟ ಕಾಲ

ನಮಗೆ ಕೆಟ್ಟ ಕಾಲವೆಂದರೆ ಹಿಂಗಾರು. ಮಲೆನಾಡಿನವರಿಗೆ ಮಳೆಯು ಆಷಾಢ ಶ್ರಾವಣಗಳಲ್ಲಿ ಮುಗಿದರೆ, ಕೋಲಾರದ ಕಡೆಯವರಿಗೆ ಆಶ್ವಯುಜ ಕಾರ್ತಿಕಗಳಲ್ಲಿಯೂ ಬಂಗಾಳಕೊಲ್ಲಿಯ ಕಡೆಯಿಂದ ಮಳೆ ಬರುವುದು. ೨೦೨೧ರ ನವೆಂಬರಿನಲ್ಲಿ ಎಷ್ಟೋ ವರ್ಷ ಬತ್ತಿದ್ದ ಕೋಲಾರ ಜಿಲ್ಲೆಯ ಕೆರೆಗಳು ಕೋಡಿ ಬಿದ್ದುದನ್ನೂ, ಅದೇ ತಿಂಗಳು ತಿರುಮಲೆಯ ಘಾಟಿ ರಸ್ತೆಗಳು ನೀರು ಕಲ್ಲುಗಳಿಂದ ಮುಚ್ಚಿಹೋದುದನ್ನೂ ವಾಚಕರು ಮರೆತಿರಲಾರರು. ದೀಪಾವಳಿಯ ರಜೆ, ಕಾರ್ತಿಕದ ಯಾತ್ರೆ, ಮದುವೆಗಳು, ಎಲ್ಲವೂ ಈ ಮಳೆಯ ದಿನಗಳಲ್ಲಿಯೇ ಬರುವುದರಿಂದ ಸಂಸಾರ ಸಮೇತರಾಗಿ ನಾವು ಹೆಚ್ಚು ಓಡಾಡುವುದೂ ಆಗಲೇ.

ನರಸಿಂಹತೀರ್ಥದ ಒದ್ದೆಯ ಮೆಟ್ಟಿಲುಗಳನ್ನು ಸವೆದ ಚಪ್ಪಲಿಯಲ್ಲಿ ಇಳಿದವರಿಗೆ ನೀರಿನ ಗುಣವನ್ನು ಹೇಳಬೇಕಾದುದಿಲ್ಲ. ಟೈರಿನ ಮೈಮೇಲೆ ಕೊರೆದ ಗೆರೆಗಳು ಅಂದಕ್ಕಲ್ಲ. ಅವು ನೀರಿನ ಕಾಲುವೆಗಳು. ರಬ್ಬರಿನ ಕೆಳಗೆ ಸಿಕ್ಕ ನೀರನ್ನು ಅವು ಹಿಂದಕ್ಕೂ ಪಕ್ಕಕ್ಕೂ ಹರಿಸಿ ಬಿಡುವುವು. ಗೆರೆಗಳು ಸವೆದಿದ್ದರೆ, ಇಲ್ಲವೆ ವೇಗ ಹೆಚ್ಚಾದರೆ, ನೀರು ಹರಿದುಹೋಗಲು ಎಡೆಯಿಲ್ಲದೆ ಟೈರು ನೀರಿನ ಮೇಲೆಯೇ ತೇಲುವುದು. ಆಗ ಸ್ಟೀರಿಂಗನ್ನು ತಿರುಗಿಸಿದರೂ, ಬ್ರೇಕನ್ನು ಒತ್ತಿದರೂ ಮೋಟಾರಿಗೆ ಅದು ಕೇಳಿಸದು. ಅಮೆರಿಕದ ಬಾಹ್ಯಾಕಾಶ ಸಂಸ್ಥೆಯವರು ೧೯೬೦ರ ದಶಕದಲ್ಲಿ ವಿಮಾನದ ಚಕ್ರಗಳನ್ನು ಪರೀಕ್ಷಿಸಿ ಇದಕ್ಕೊಂದು ಸೂತ್ರವನ್ನು ಕಂಡುಹಿಡಿದರು. ಗೆರೆಗಳ ಆಳವನ್ನು ಮೀರಿ ನೀರು ನಿಂತಿರುವಲ್ಲಿ ೩೩ ಪೌಂಡು ಗಾಳಿಯಿರುವ ಟೈರು ಗಂಟೆಗೆ ಸುಮಾರು ೯೫ ಕಿ.ಮೀ. ವೇಗದಲ್ಲಿ ತೇಲತೊಡಗುವುದು; ೨೪ ಪೌಂಡಿಗೆ ಇಳಿದಿದ್ದರೆ ೮೨ ಕಿ.ಮೀ. ವೇಗದಲ್ಲಿಯೇ. ಗಾಳಿಯೊಂದನ್ನು ಸರಿಯಾಗಿಟ್ಟರೆ ಎಷ್ಟು ಲಾಭವೆಂಬುದು ಇದರಿಂದ ತಿಳಿಯುವುದು.

ಹೊಸ ಟೈರಿನ ಗೆರೆ ೭ ಅಥವಾ ೮ ಮಿ.ಮೀ. ಆಳವಿರುವುದು. ೧.೬ ಮಿ.ಮೀ.ಗಿಂತ ಕಡಿಮೆಯಾದರೆ ಕಾರನ್ನು ರಸ್ತೆಗೆ ತರಕೂಡದೆಂದು ನಮ್ಮ ದೇಶದ ಕಾನೂನು. ಗೆರೆಗಳ ತಳದಲ್ಲಿ ಅಲ್ಲಲ್ಲಿ ಕಾಣುವ ಸಣ್ಣ ದಿಂಡುಗಳು ಈ ಮಟ್ಟದ ಗುರುತು. ಆದರೆ ಕಾನೂನಿನ ಮಟ್ಟವು ದಂಡದಿಂದ ಕಾಪಾಡೀತೇ ಹೊರತು ಮಳೆಯಿಂದ ಕಾಪಾಡದು. ೩ ಮಿ.ಮೀ. ಆಗುತ್ತಲೇ ಹಿಂಗಾರಿಗೆ ಮುಂಚೆ ಬದಲಾಯಿಸುವುದು ವಿವೇಕ. ಅಳೆಯಲು ಯಂತ್ರ ಬೇಡ. ಬೆಂಕಿಕಡ್ಡಿಯನ್ನು ಗೆರೆಯೊಳಗೆ ನಿಲ್ಲಿಸಿ, ಉಗುರಿನಿಂದ ಗುರುತು ಹಿಡಿದು, ಮಕ್ಕಳ ಸ್ಕೇಲಿನ ಮೇಲಿಟ್ಟು ನೋಡಿದರೆ ಸಾಕು.

ಟೈರಿನ ಜಾತಕ

ಟೈರಿನ ಜಾತಕವು ಅದರ ಪಕ್ಕದಲ್ಲಿಯೇ ಬರೆದಿರುವುದು. ಹುಡುಗನ ಮೋಟಾರಿನಲ್ಲಿ ‘೨೨೫/೫೦ ಆರ್ ೧೭ ೯೪ ವಿ’ ಎಂದಿತ್ತು. ಟೈರಿನ ಅಗಲವು ೨೨೫ ಮಿ.ಮೀ.; ಪಕ್ಕದ ಎತ್ತರವು ಆ ಅಗಲದ ನೂರಕ್ಕೆ ೫೦ ಪಾಲು; ‘ಆರ್’ ಎಂದರೆ ರೇಡಿಯಲ್; ರಿಮ್ಮು ೧೭ ಅಂಗುಲ; ೯೪ ಎಂಬುದು ಒಂದು ಟೈರು ೬೭೦ ಕಿಲೋ ಹೊರಬಲ್ಲದೆಂಬ ಸಂಕೇತ; ‘ವಿ’ ಎಂದರೆ ಗಂಟೆಗೆ ೨೪೦ ಕಿ.ಮೀ.ವರೆಗಿನ ವೇಗವನ್ನು ತಾಳಬಲ್ಲದೆಂದು. ಕೊನೆಯ ಎರಡು ಗುರುತುಗಳು ಕಾರ್ಖಾನೆಯವರು ಹೇಳಿದ್ದಕ್ಕಿಂತ ಕಡಿಮೆಯಾಗಕೂಡದು. ನಾವು ಎಂದೂ ೨೪೦ರಲ್ಲಿ ಓಡಿಸುವುದಿಲ್ಲವೆಂದು ವಾದಿಸಿ ಅಗ್ಗದ ಟೈರನ್ನು ಕೊಳ್ಳುವವರುಂಟು. ಆ ಗುರುತು ಟೈರಿನ ಕಟ್ಟಡದ ಗಟ್ಟಿತನವನ್ನೂ ಹೇಳುವುದೆಂಬುದನ್ನು ಅವರು ತಿಳಿಯರು.

ಮುಖ್ಯವಾದುದು ಆ ನಾಲ್ಕು ಅಂಕಿಗಳು. ಮೊದಲೆರಡು ವಾರವನ್ನೂ, ಕೊನೆಯೆರಡು ವರ್ಷವನ್ನೂ ಹೇಳುವುವು. ೪೧೧೭ ಎಂದರೆ ೨೦೧೭ನೆಯ ಇಸವಿಯ ೪೧ನೆಯ ವಾರ. ರಬ್ಬರು ಓಡಿದರೆ ಸವೆಯುವುದು, ನಿಂತರೆ ಒಣಗುವುದು. ಷೆಡ್ಡಿನಲ್ಲಿ ಜೋಪಾನ ಮಾಡಿದ ಮೋಟಾರಿನ ಟೈರುಗಳಲ್ಲಿ ಗೆರೆಗಳು ತುಂಬಿರುವುದನ್ನು ಕಂಡು ನಮ್ಮ ಹುಡುಗನು ಮೋಸಹೋದದ್ದು ಹೀಗೆ. ಐದು ವರ್ಷ ಕಳೆದ ಮೇಲೆ ವರ್ಷಕ್ಕೊಮ್ಮೆ ತಿಳಿದವರಿಗೆ ತೋರಿಸಬೇಕು. ಪಕ್ಕದಲ್ಲಿ ಸಣ್ಣ ಬಿರುಕುಗಳು ಕಂಡರೆ ಗೆರೆ ಎಷ್ಟೇ ಇದ್ದರೂ ತೆಗೆದುಬಿಡಬೇಕು. ಹೊಸ ಟೈರನ್ನು ಕೊಳ್ಳುವಾಗಲೂ ಈ ಅಂಕಿಗಳನ್ನು ಓದದೆ ಹಣ ಕೊಡಬಾರದು.

ಒದ್ದೆಯ ನೆಲದ ಹಿಡಿತವನ್ನು ಮನೆಯಲ್ಲಿ ಪರೀಕ್ಷಿಸಲಾಗುವುದಿಲ್ಲವಷ್ಟೆ. ಯೂರೋಪಿನಲ್ಲಿ ಮಾರುವ ಟೈರುಗಳಿಗೆ ಈ ಗುಣವನ್ನು ‘ಎ’ಯಿಂದ ‘ಇ’ಯವರೆಗೆ ಶ್ರೇಣಿಯಾಗಿ ಬರೆದು ಚೀಟಿ ಅಂಟಿಸುವರು, ‘ಎ’ ಎಂಬುದು ಶ್ರೇಷ್ಠ. ನಮ್ಮ ಕೇಂದ್ರ ಸರ್ಕಾರವೂ ೨೦೨೨ರಲ್ಲಿ ಪ್ರಕಟಿಸಿದ ನಿಯಮಗಳಲ್ಲಿ ಒದ್ದೆಯ ಹಿಡಿತಕ್ಕೆ ಕನಿಷ್ಠ ಮಟ್ಟವನ್ನು ಗೊತ್ತುಪಡಿಸಿರುವುದು. ಅದೇ ಮಾದರಿಯ ಟೈರು ಯೂರೋಪಿನಲ್ಲಿಯೂ ಮಾರಾಟವಾಗುತ್ತಿದ್ದರೆ ಅಲ್ಲಿಯ ಶ್ರೇಣಿಯನ್ನು ಕೇಳಿ ತಿಳಿದುಕೊಳ್ಳಬಹುದು. ಮೈಲಿಗೆ ಮೈಲಿ ಸವೆಯದೆ ಬಾಳುವ ಟೈರೆಂದು ಹೊಗಳುವುದನ್ನು ಮಾತ್ರ ಕೇಳಿ ಕೊಳ್ಳುವುದು ಸರಿಯಲ್ಲ. ಬಾಳಿಕೆಗೂ ಹಿಡಿತಕ್ಕೂ ಅನೇಕ ವೇಳೆ ಸವತಿಮಾತ್ಸರ್ಯ.

ರಿಮ್ಮಿನ ವ್ಯಾಮೋಹ

ಇನ್ನು ಹತ್ತೊಂಬತ್ತು ಅಂಗುಲದ ರಿಮ್ಮಿನ ವಿಚಾರ. ರಿಮ್ಮು ದೊಡ್ಡದಾದರೂ ಚಕ್ರದ ಒಟ್ಟು ಎತ್ತರವು ಬದಲಾಗಬಾರದು. ಬದಲಾದರೆ ವೇಗದ ಮುಳ್ಳು ಸುಳ್ಳು ಹೇಳುವುದು. ಆದಕಾರಣ ರಿಮ್ಮು ಹಿಗ್ಗಿದಷ್ಟೂ ರಬ್ಬರು ಕುಗ್ಗಬೇಕು. ಹುಡುಗನ ಹದಿನೇಳು ಅಂಗುಲದ ಚಕ್ರದ ಒಟ್ಟು ಎತ್ತರ ಸುಮಾರು ೬೫೭ ಮಿ.ಮೀ.; ಅದರಲ್ಲಿ ಪಕ್ಕದ ರಬ್ಬರು ೧೧೨ ಮಿ.ಮೀ. ಅವನು ಬಯಸಿದ ‘೨೫೫/೩೫ ಆರ್ ೧೯’ ಚಕ್ರದ ಎತ್ತರ ೬೬೧ ಮಿ.ಮೀ.; ಪಕ್ಕದ ರಬ್ಬರು ೮೯ ಮಿ.ಮೀ. ಮಾತ್ರ. ಗುಂಡಿಗೂ ಲೋಹಕ್ಕೂ ನಡುವಣ ಮೆತ್ತೆಯಲ್ಲಿ ಸುಮಾರು ಒಂದು ಬೆರಳಗಲ ಕಡಿಮೆಯಾಯಿತು. ಹೆದ್ದಾರಿಯೇನೋ ನುಣುಪಾಗಿದೆ. ಆದರೆ ಅದನ್ನು ಬಿಟ್ಟು ಆವಣಿಗೋ ಕುರುಡುಮಲೆಗೋ ತಿರುಗಿದವರಿಗೆ ಬಣ್ಣ ಬಳಿಯದ ಉಬ್ಬುಗಳೂ ಮಳೆನೀರಿನಲ್ಲಿ ಅಡಗಿದ ಗುಂಡಿಗಳೂ ಎದುರಾಗುವುವು. ತೆಳ್ಳನೆಯ ಟೈರು ಅಲ್ಲಿ ಒಡೆಯುವುದು. ಅಲಾಯ್ ರಿಮ್ಮು ಬಿರಿಯುವುದು. ಉಕ್ಕಿನ ರಿಮ್ಮು ಅಂದವಿಲ್ಲದಿದ್ದರೂ ಬಾಗುವುದೇ ಹೊರತು ಸುಲಭವಾಗಿ ಬಿರಿಯದು. ಅದೂ ಅಲ್ಲದೆ ಟೈರು ಅಗಲವಾದಷ್ಟೂ ನಿಂತ ನೀರಿನ ಮೇಲೆ ಬೇಗ ತೇಲುವುದು; ಅಗಲವಾದ ಪಾದ ನೀರನ್ನು ಸೀಳಲಾರದು.

ಆದುದರಿಂದ ಕಾರ್ಖಾನೆಯವರು ಆ ಮಾದರಿಗೆ ಒಪ್ಪಿದ ಅಳತೆಗಳಲ್ಲಿ ಚಿಕ್ಕ ರಿಮ್ಮೇ ನಮ್ಮ ರಸ್ತೆಗಳಿಗೆ ಮೇಲು. ಒಂದೇ ಎಚ್ಚರಿಕೆ: ವೇಗದ ಮೋಟಾರುಗಳಲ್ಲಿ ಬ್ರೇಕಿನ ತಟ್ಟೆಗಳು ದೊಡ್ಡವಾದುದರಿಂದ ರಿಮ್ಮು ತೀರ ಚಿಕ್ಕದಾದರೆ ಕೂರುವುದಿಲ್ಲ. ಬೋಲ್ಟುಗಳ ಸಂಖ್ಯೆ, ಅವುಗಳ ನಡುವಣ ಅಂತರ, ನಡುವಿನ ರಂಧ್ರ, ರಿಮ್ಮು ಒಳಗೆ ಹೊರಗೆ ಕೂರುವ ಅಳತೆ, ಇವೆಲ್ಲವೂ ಕೂದಲಷ್ಟೂ ತಪ್ಪದೆ ಹೊಂದಬೇಕು. ‘ಹೇಗೋ ಕೂರುತ್ತದೆ’ ಎಂಬ ಮಾತನ್ನು ಚಕ್ರದ ವಿಷಯದಲ್ಲಿ ಕೇಳಕೂಡದು.

ನಾಲ್ವರು ಅಣ್ಣತಮ್ಮಂದಿರು

ನಾಲ್ಕು ಚಕ್ರಗಳ ಬಲವಿರುವ ಮೋಟಾರಿಗೆ ಮಾತ್ರ ಸೇರಿದ ಒಂದು ನಿಯಮವುಂಟು. ನಾಲ್ಕು ಟೈರುಗಳೂ ಒಂದೇ ಕಂಪೆನಿಯವೂ, ಒಂದೇ ಮಾದರಿಯವೂ, ಹೆಚ್ಚುಕಡಿಮೆ ಒಂದೇ ಸವೆತದವೂ ಆಗಿರಬೇಕು. ಒಂದು ಟೈರಿನ ಗೆರೆ ಇನ್ನೊಂದಕ್ಕಿಂತ ೫ ಮಿ.ಮೀ. ಸವೆದಿದ್ದರೆ ಆ ಚಕ್ರದ ವ್ಯಾಸವು ೧೦ ಮಿ.ಮೀ. ಕಡಿಮೆ. ಹಾಗಾದರೆ ಅದು ಒಂದು ಕಿ.ಮೀ.ಗೆ ಏಳು ಸುತ್ತು ಹೆಚ್ಚಾಗಿ ತಿರುಗಬೇಕು. ಮುಳಬಾಗಿಲಿನಿಂದ ತಿರುಪತಿಯು ಸುಮಾರು ೧೫೦ ಕಿ.ಮೀ.; ತಲಪುವುದರೊಳಗಾಗಿ ಸಾವಿರ ಸುತ್ತುಗಳ ವ್ಯತ್ಯಾಸ. ಚಕ್ರಗಳಿಗೆ ಬಲವನ್ನು ಹಂಚುವ ನಡುವಣ ಯಂತ್ರವು ದಾರಿಯುದ್ದಕ್ಕೂ ಈ ಜಗಳವನ್ನು ತೀರಿಸುತ್ತ ಕಾಯ್ದು ಕೆಡುವುದು. ಸುಬಾರುವಿನವರು ನಾಲ್ಕು ಟೈರುಗಳ ಸುತ್ತಳತೆಯಲ್ಲಿ ಕಾಲು ಅಂಗುಲಕ್ಕಿಂತ ಹೆಚ್ಚು ವ್ಯತ್ಯಾಸವಿರಕೂಡದೆಂದು ಎಚ್ಚರಿಸುವರು. ಒಂದು ಟೈರಿನ ಹಣವನ್ನು ಉಳಿಸಹೋಗಿ ಆ ಯಂತ್ರವನ್ನು ಕೆಡಿಸಿಕೊಂಡವರಿಗೆ, ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ಗಾದೆ ನೆನಪಾದೀತು. ಎಂಟು ಹತ್ತು ಸಾವಿರ ಕಿ.ಮೀ.ಗೊಮ್ಮೆ ಮುಂದಿನ ಚಕ್ರಗಳನ್ನು ಹಿಂದಕ್ಕೂ ಹಿಂದಿನವನ್ನು ಮುಂದಕ್ಕೂ ಬದಲಾಯಿಸುತ್ತಿದ್ದರೆ ನಾಲ್ಕೂ ಸಮನಾಗಿ ಸವೆಯುವುವು.

ಎರಡೇ ಚಕ್ರಗಳಿಗೆ ಬಲವಿರುವ ಸಾಮಾನ್ಯ ಮೋಟಾರಿನವರು ಎರಡು ಟೈರುಗಳನ್ನು ಮಾತ್ರ ಕೊಂಡರೆ, ಹೊಸವನ್ನು ಹಿಂದಕ್ಕೆ ಹಾಕಿಸಬೇಕು. ಮುಂದಿನ ಚಕ್ರ ಜಾರಿದರೆ ನಡೆಸುವವನಿಗೆ ಗೊತ್ತಾಗಿ ಸುಧಾರಿಸಿಕೊಳ್ಳಬಹುದು. ಹಿಂದಿನದು ಜಾರಿದರೆ ಮೋಟಾರು ಬುಗುರಿಯಂತೆ ತಿರುಗಿಬಿಡುವುದು.

ಸ್ಟೆಪ್ನಿಯನ್ನು ಮರೆಯಬಾರದು. ಈ ಹೆಸರು ಬಂದುದು ಇಂಗ್ಲೆಂಡಿನ ಪಕ್ಕದ ವೇಲ್ಸ್ ಸೀಮೆಯಿಂದ. ಅಲ್ಲಿಯ ಲನೆಲ್ಲಿ ಊರಿನ ಸ್ಟೆಪ್ನಿ ಎಂಬ ಬೀದಿಯಲ್ಲಿ ೧೯೦೪ರ ಸುಮಾರಿಗೆ ಹೆಚ್ಚುವರಿ ಚಕ್ರವನ್ನು ಮಾಡಿ ಮಾರಿದರು. ಅಲ್ಲಿಯ ಜನ ಮರೆತರೂ ನಮ್ಮ ಪಂಕ್ಚರ್ ಅಂಗಡಿಗಳಲ್ಲಿ ಆ ಬೀದಿಯ ಹೆಸರು ಬದುಕಿದೆ. ಈಚಿನ ಮೋಟಾರುಗಳಲ್ಲಿ ಸ್ಟೆಪ್ನಿ ತೆಳ್ಳಗಿದ್ದರೆ ಅದನ್ನು ಹತ್ತಿರದ ಅಂಗಡಿಯವರೆಗೆ ಮಾತ್ರ, ಅದರ ಮೇಲೆ ಬರೆದ ವೇಗವನ್ನು ಮೀರದೆ ಬಳಸತಕ್ಕದ್ದು.

ಮನೆಯವರಿಗೊಂದು ಮಾತು

ಹುಡುಗನು ಕಡೆಗೆ ಹದಿನೇಳು ಅಂಗುಲದ ಹಳೆಯ ರಿಮ್ಮುಗಳನ್ನೇ ಇಟ್ಟುಕೊಂಡು, ಒದ್ದೆಯಲ್ಲಿ ಒಳ್ಳೆಯ ಹಿಡಿತವುಳ್ಳ ನಾಲ್ಕು ಹೊಸ ಟೈರುಗಳನ್ನು ಒಟ್ಟಿಗೆ ಹಾಕಿಸಿದನು. ದೊಡ್ಡ ರಿಮ್ಮಿಗೆಂದು ತೆಗೆದಿಟ್ಟ ಹಣದಲ್ಲಿ ಇನ್ನೂ ಉಳಿಯಿತು. ಹೊಸ ಟೈರಿನ ಮೈ ಮೊದಮೊದಲು ನುಣುಪಾಗಿರುವುದರಿಂದ ಮುನ್ನೂರು ಕಿ.ಮೀ.ವರೆಗೆ ಮೆಲ್ಲಗೆ ಓಡಿಸಿದನು. ಮಾರ್ಗಶಿರದಲ್ಲಿ ನಾವೆಲ್ಲರೂ ಮತ್ತೆ ಹೊರಟು, ದರ್ಶನ ಮುಗಿಸಿ, ೧೯೪೪ರಲ್ಲಿ ಆದ ಹಳೆಯ ಘಾಟಿಯಲ್ಲಿ ಇಳಿದು ಬಂದೆವು. ಇಳಿಯುವವರಿಗೆಂದೇ ಬಿಟ್ಟಿರುವ ಆ ರಸ್ತೆಯಲ್ಲಿ ೩೬ ಕಡಿದಾದ ತಿರುವುಗಳು. ಅಂದೂ ಸಣ್ಣ ಮಳೆ. ಇಳಿಜಾರಿನಲ್ಲಿ ಎಂಜಿನಿನ ಬಲಕ್ಕೆ ಕೆಲಸವೇ ಇಲ್ಲ. ಹುಡುಗನು ಕೆಳಗಿನ ಗೇರಿನಲ್ಲಿ ಮೆಲ್ಲಗೆ ಇಳಿಸಿದನು. ಮಗು ದಾರಿಯುದ್ದಕ್ಕೂ ನಿದ್ದೆಮಾಡಿತು.

ಗಾಳಿಯನ್ನು ಹದಿನೈದು ದಿನಕ್ಕೊಮ್ಮೆ, ಮೋಟಾರು ಓಡಿ ಬಿಸಿಯಾಗುವುದಕ್ಕೆ ಮೊದಲು ನೋಡಿಸಬೇಕು. ಎಷ್ಟಿರಬೇಕೆಂಬುದನ್ನು ನಡೆಸುವವನ ಬಾಗಿಲಿನ ಕಂಬದ ಮೇಲೆ ಬರೆದಿರುವರು. ಹವೆ ಹತ್ತು ಡಿಗ್ರಿ ತಣ್ಣಗಾದರೆ ಗಾಳಿಯು ಒಂದೆರಡು ಪೌಂಡು ಇಳಿಯುವುದರಿಂದ ಮಾಗಿಯಲ್ಲಿ ಇದು ಇನ್ನೂ ಅವಶ್ಯ.

ಆಯುಧಪೂಜೆಯು ಹಿಂಗಾರಿನ ಬಾಗಿಲಿನಲ್ಲಿಯೇ ಬರುವುದಷ್ಟೆ. ಅಂದು ನಾವು ಮೋಟಾರನ್ನು ತೊಳೆದು, ಹೂವೇರಿಸಿ, ಕುಂಬಳಕಾಯಿ ಒಡೆದು, ನಾಲ್ಕು ಚಕ್ರಗಳ ಕೆಳಗೂ ನಿಂಬೆಹಣ್ಣನ್ನಿಡುವೆವು. ನಿಂಬೆಹಣ್ಣನ್ನಿಡಲು ಬಗ್ಗಿದವರು ಹಾಗೆಯೇ ಒಂದು ನಿಮಿಷ ನಿಂತು ಗೆರೆಯ ಆಳವನ್ನೂ, ಆ ನಾಲ್ಕು ಅಂಕಿಗಳನ್ನೂ, ಪಕ್ಕದ ಬಿರುಕನ್ನೂ ನೋಡಿದರೆ ವರ್ಷಕ್ಕೊಂದು ಪರೀಕ್ಷೆ ಖರ್ಚಿಲ್ಲದೆ ಆದಂತಾಯಿತು. ನಮ್ಮ ಅಕ್ಕನು ಈ ಸಲ ಕನ್ನಡಕ ಹಾಕಿಕೊಂಡು ತಾವೇ ನೋಡುವುದಾಗಿ ಹೇಳಿರುವರು. ವಾಚಕರ ಮನೆಗಳಲ್ಲಿಯೂ ಯಾರಾದರೊಬ್ಬ ಹಿರಿಯರು ಈ ಕೆಲಸವನ್ನು ವಹಿಸಿಕೊಳ್ಳಲೆಂದು ನಮ್ಮ ಪ್ರಾರ್ಥನೆ.